ಎದುರು ಆಫೀಸಿನ ಪ್ರಶ್ನೆಗಳು

"ಎದುರುಗಡೆ ಆಫೀಸಿನವರು ಇದನ್ನ ಕೊಟ್ರು. ಇದರಲ್ಲಿ ಬರೆದಿರೋದು ಸರೀನಾ ಅಂತ ಸ್ವಲ್ಪ ನೋಡಿ ಹೇಳ್ತೀರಾ?"

ದೂನ್ಯಾ ತಲೆ ಎತ್ತಿದಳು. ಮೇಜಿನ ಆಚೆ ನಿಂತಿದ್ದವನ ಬೂಟಿನಲ್ಲಿ ನದಿಯ ಕೆಸರು ಒಣಗಿತ್ತು. ಅವನು ಚಾಚಿದ್ದ ಹಾಳೆಯ ಮೇಲಿನ ಗುಂಡು ಗುಂಡಾದ ಅಕ್ಷರ ಯಾರದೆಂದು ತಿಳಿಯಲು ಅವಳಿಗೆ ಅರೆಗಳಿಗೆಯೂ ಬೇಕಾಗಲಿಲ್ಲ.

ಸ್ಮಿಲ್ಯಾ.

ನಾಲ್ಕು ವರ್ಷ ಇದೇ ಆಫೀಸಿನಲ್ಲಿ, ಇದೇ ಮೇಜಿನ ಪಕ್ಕದ ಮೇಜಿನಲ್ಲಿ ಕೂತು ಕೆಲಸ ಕಲಿತವಳು. ಆಮೇಲೆ ರಸ್ತೆಯ ಆ ಬದಿಯಲ್ಲಿ ತನ್ನದೇ ಆಫೀಸು ತೆರೆದು, ಅರ್ಧ ಗಿರಾಕಿಗಳನ್ನು ಜೊತೆಗೆ ಕರೆದೊಯ್ದವಳು. ಸರ್ಬಿಯಾದ ನೋವಿ ಸಾದ್ ಊರಿನಲ್ಲಿ ಯಾರಿಗೆ ಹಡಗಿನ ಪ್ರವಾಸ ಹೋಗಬೇಕೆನಿಸಿದರೂ ಮೊದಲು ಈ ಎರಡು ಬಾಗಿಲುಗಳಲ್ಲಿ ಒಂದನ್ನು ತಟ್ಟುತ್ತಿದ್ದರು.

"ಅವರು ಬರೆದಿದ್ದನ್ನ ತಿದ್ದೋಕೆ ನಾನು ಅವರ ಟೀಚರಲ್ಲ," ಎಂದಳು ದೂನ್ಯಾ.

"ಗೊತ್ತು. ಆದ್ರೆ ಅವರನ್ನ ಕೇಳಿದ್ರೆ ಎಲ್ಲಾ ಸರಿ ಅಂತಾರೆ. ನೀವಾದ್ರೆ ತಪ್ಪಿದ್ರೆ ಬಿಡೋದಿಲ್ಲ ಅನ್ನಿಸ್ತು."

ಅವಳಿಗೆ ನಗು ಬಂತು. ನಗಲಿಲ್ಲ. ಹಾಳೆಯನ್ನು ಎಳೆದುಕೊಂಡಳು. ಎರಡನೆಯ ಸಾಲಿನಲ್ಲೇ ಪೆನ್ನು ನಿಂತಿತು.

"ಇಲ್ಲಿ ಬಾಲ್ಕನಿ ಅಂತ ಬರೆದಿದ್ದಾಳೆ. ಈ ಕಂಪನಿಯ ನದಿ ಹಡಗಲ್ಲಿ ಬಾಲ್ಕನಿ ಇಲ್ಲ. ಗಾಜಿನ ಬಾಗಿಲು ಸರಿಸಿದ್ರೆ ಅಡ್ಡ ಒಂದು ಕಂಬಿ, ಅಷ್ಟೇ. ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ ಅಂದ್ರೆ ಅರ್ಧ ಕುರ್ಚಿ ಡ್ಯಾನ್ಯೂಬಲ್ಲಿ ಇರತ್ತೆ."

ಅವನು ಗಂಭೀರವಾಗಿ ಅದನ್ನು ಬರೆದುಕೊಂಡ. ಅವನ ಕಿವಿ ಮಾತ್ರ ಕೆಂಪಾಗಿತ್ತು.

ಅವನ ಹೆಸರು ರಾದಿಮ್. ಚೆಕ್ ದೇಶದವನು. ನದಿಯ ಆಳ ಅಳೆಯುವ ದೋಣಿಯಲ್ಲಿ ಅವನ ಕೆಲಸ. ಒಪ್ಪಂದ ಡಿಸೆಂಬರ್ ಕೊನೆಯವರೆಗೆ. ಬೇಕೆಂದರೆ ಇನ್ನೊಂದು ವರ್ಷ ಇರಬಹುದು, ಡಿಸೆಂಬರ್ ಇಪ್ಪತ್ತರ ಮಧ್ಯಾಹ್ನದೊಳಗೆ ತಿಳಿಸಬೇಕು ಎಂದು ಮೇಲಿನವರು ಹೇಳಿದ್ದಾರೆ. ಇದೆಲ್ಲವನ್ನೂ ಅವನೇ ನಿಧಾನವಾಗಿ, ಒಂದೊಂದೇ ಸರ್ಬಿಯನ್ ಪದ ಹುಡುಕಿಕೊಂಡು ಹೇಳಿದ. ಬೇಸಿಗೆಯಲ್ಲಿ ಅವನ ತಾಯಿಗೆ ಅರವತ್ತು ತುಂಬುತ್ತದೆ. ತಾಯಿಯನ್ನೂ ಚಿಕ್ಕಮ್ಮನನ್ನೂ ಕ್ರೂಸಿಗೆ ಕಳಿಸಬೇಕು.

"ಕಡಲೋ, ನದಿಯೋ?" ಎಂದು ಕೇಳಿದಳು ದೂನ್ಯಾ.

"ಅದೇ ಗೊತ್ತಾಗ್ತಿಲ್ಲ."

ಅವಳಿಗೆ ಇಂಥ ಗಿರಾಕಿಗಳೆಂದರೆ ಇಷ್ಟ. ತಿಳಿಯದೆ ಬಂದವರಿಗೆ ತಿಳಿಸಿ ಕಳಿಸುವುದರಲ್ಲಿ ಒಂದು ಸುಖವಿತ್ತು. ಒಂಬತ್ತು ಕಂಪನಿಗಳ ಹೆಸರನ್ನು ಉದ್ದಕ್ಕೆ ಬರೆದು, ಪ್ರಶ್ನೆಗಳನ್ನು ಅಡ್ಡಕ್ಕೆ ಬರೆದಳು. ಊಟದ ಜೊತೆ ಪಾನೀಯ ಸೇರಿದೆಯೋ, ಬೇರೆಯೋ? ಊರು ಸುತ್ತಿಸುವುದು ಟಿಕೆಟ್ಟಿನಲ್ಲೇ ಬರುತ್ತದೋ? ಟಿಪ್ಸ್ ಕೊನೆಗೆ ಹೆಗಲ ಮೇಲೆ ಬೀಳುತ್ತದೋ?

"ಅಮ್ಮನಿಗೆ ಮಂಡಿ ನೋವಿದೆಯಾ?"

"ಬಲಗಾಲು. ಆಪರೇಷನ್ ಆಗಿದೆ. ನಿಮಗೆ ಹೇಗೆ ಗೊತ್ತಾಯ್ತು?"

"ಅರವತ್ತರ ಗಿರಾಕಿಗೆ ಮೊದಲು ಅದನ್ನೇ ಕೇಳ್ಬೇಕು. ಕಡಲ ಹಡಗಲ್ಲಿ ಮೂರು ಸಾವಿರ ಜನ ಇರ್ತಾರೆ, ಆದ್ರೆ ಎಲ್ಲಾ ಕಡೆ ಲಿಫ್ಟ್ ಇದೆ. ಕೆಲವು ಬಂದರಲ್ಲಿ ದೂರದಲ್ಲಿ ಲಂಗರು ಹಾಕಿ, ಸಣ್ಣ ದೋಣಿಗೆ ಇಳಿಸ್ತಾರೆ. ಅಲ್ಲಿ ಮಂಡಿ ಕೇಳಲ್ಲ. ನದಿ ಹಡಗಲ್ಲಿ ಇನ್ನೂರು ಜನಾನೂ ಇರಲ್ಲ, ಊರಿನ ನಡುವೆನೇ ನಿಲ್ಲತ್ತೆ. ಆದ್ರೆ ಜಾಗ ಸಾಲದೆ ಇದ್ರೆ ಒಂದರ ಮಗ್ಗುಲಿಗೆ ಒಂದು ಮೂರು ಹಡಗು ಕಟ್ತಾರೆ. ಎರಡು ಹಡಗು ದಾಟ್ಕೊಂಡು ದಡಕ್ಕೆ ಬರ್ಬೇಕು."

"ನೀರು ಇಳಿದ್ರೆ?"

"ಕೆಲವರು ಬಸ್ಸಲ್ಲಿ ಕೂರಿಸ್ತಾರೆ. ಕೆಲವರು ಆಳ ಇಲ್ಲದ ಕಡೆಯಿಂದ ಆಚೆಗೆ ತಮ್ಮದೇ ಇನ್ನೊಂದು ಹಡಗು ತಂದು ನಿಲ್ಲಿಸಿರ್ತಾರೆ. ಪೆಟ್ಟಿಗೆ ಸಮೇತ ಅದಕ್ಕೆ ಬದಲಾಯಿಸ್ತಾರೆ. ಬರೆಯೋ ಮುಂಚೆ ಇದನ್ನ ಕೇಳಿ ತಿಳ್ಕೊಂಡಿರಬೇಕು. ಸ್ಮಿಲ್ಯಾ ಕೇಳಿಲ್ಲ ಅನ್ಸತ್ತೆ."

ಕೊನೆಯ ಮಾತು ಬೇಕಿರಲಿಲ್ಲ. ಆದರೆ ಬಾಯಿಂದ ಜಾರಿತ್ತು.

*

ಮುಂದಿನ ವಾರ ಅವನು ಮತ್ತೆ ಬಂದ. ಕೈಯಲ್ಲಿ ಸ್ಮಿಲ್ಯಾಳ ಇನ್ನೊಂದು ಹಾಳೆ.

ಅದರ ಮುಂದಿನ ವಾರವೂ ಬಂದ.

ನವೆಂಬರ್ ಹೊತ್ತಿಗೆ ಅದೊಂದು ಕ್ರಮವಾಗಿಬಿಟ್ಟಿತು. ಗುರುವಾರ ನಾಲ್ಕು ಗಂಟೆಗೆ ರಾದಿಮ್ ಸೇತುವೆಯ ಕಡೆಯಿಂದ ನಡೆದು ಬರುತ್ತಿದ್ದ. ಮೊದಲು ರಸ್ತೆಯ ಆ ಬದಿಗೆ ಹೋಗುತ್ತಿದ್ದ. ಆಮೇಲೆ ಈ ಬದಿಗೆ.

ಮೊದಲು ಅಲ್ಲಿಗೆ! ಅದೇ ದೂನ್ಯಾಳ ಎದೆಯಲ್ಲಿ ಮುಳ್ಳಿನಂತೆ ಆಡುತ್ತಿತ್ತು.

ಎರಡು ಗಾಜಿನ ಬಾಗಿಲುಗಳ ನಡುವೆ ಹನ್ನೆರಡು ಹೆಜ್ಜೆಯ ರಸ್ತೆ. ಅಲ್ಲಿ ಅವನು ಕೂತಿರುವುದು ಕಾಣುತ್ತಿತ್ತು. ಸ್ಮಿಲ್ಯಾ ಕಾಫಿ ತಂದಿಡುವುದು ಕಾಣುತ್ತಿತ್ತು. ಅವಳು ತಲೆ ಹಿಂದಕ್ಕೆ ಚೆಲ್ಲಿ ನಗುವುದೂ ಕಾಣುತ್ತಿತ್ತು. ಗಂಡನಿಂದ ಬೇರೆಯಾಗಿ ಎರಡು ವರ್ಷವಾದ ಮೇಲೆ ಅವಳ ನಗುವಿಗೆ ಹೊಸ ಹೊಳಪು ಬಂದಿದೆ ಎಂದು ದೂನ್ಯಾಳಿಗೆ ಅನ್ನಿಸಿತು.

ಹೋಲಿಸುವುದು ಅವಳ ಕಸುಬು. ಕಸುಬು ಮನೆಗೂ ಬಂತು. ಅಲ್ಲಿ ನಲವತ್ತು ನಿಮಿಷ, ಇಲ್ಲಿ ಇಪ್ಪತ್ತೈದು. ಅಲ್ಲಿ ಕಾಫಿ, ಇಲ್ಲಿ ಬರೀ ಹಾಳೆ. ಅವಳಿಗೆ ಗುಂಗುರು ಕೂದಲು, ನನಗೆ ಬಾಚಿ ಕಟ್ಟಿದ ಜಡೆ. ಅವಳು ನಗ್ತಾಳೆ... ನಾನು ತಿದ್ದುತ್ತೀನಿ. ಯಾರಿಗೆ ಬೇಕು ತಿದ್ದುವವಳು?

ಮರುವಾರ ದೂನ್ಯಾ ಕಾಫಿ ಮಾಡಿಟ್ಟಳು. ರಾದಿಮ್ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟ.

"ಕಹಿಯಾಯ್ತಾ?"

"ಇಲ್ಲ. ಈಗಷ್ಟೇ ಅಲ್ಲಿ ಕುಡಿದೆ."

"ಹೂಂ. ಅಲ್ಲಿ ಕುಡಿದ ಮೇಲೆ ಇಲ್ಲಿ ರುಚಿಸಲ್ಲ ಬಿಡಿ."

ಅವನು ಮತ್ತೆ ಬಟ್ಟಲೆತ್ತಿ ಆ ಕಾಫಿಯನ್ನು ಚರಟದವರೆಗೆ ಕುಡಿದು ಮುಗಿಸಿದ. ಆಮೇಲೆ ಕೇಳಿದ: "ಕೆಳಗಿನ ಅಂತಸ್ತಿನ ಕ್ಯಾಬಿನ್ ಕಿಟಕಿ ತೆಗೆಯೋಕೆ ಬರಲ್ಲ ಅಂತ ಸ್ಮಿಲ್ಯಾ ಹೇಳಿದ್ರು. ಹೌದಾ?"

"ಹೌದು. ನೀರಿಗಿಂತ ಒಂದು ಗೇಣು ಮೇಲಿರೋ ಕಿಟಕಿ ಯಾರು ತೆಗೀತಾರೆ? ಅವಳು ಇದೊಂದನ್ನಾದ್ರೂ ಸರಿ ಹೇಳಿದ್ದಾಳಲ್ಲ."

ಅವನು ನಕ್ಕ. ಅವಳಿಗೆ ಆ ನಗು ಬೇಕಿತ್ತು. ಆದರೆ ಅದು ಸ್ಮಿಲ್ಯಾಳ ಹೆಸರು ಹಿಡಿದು ಬಂದದ್ದು ಬೇಡವಾಗಿತ್ತು.

*

ಡಿಸೆಂಬರ್ ಹದಿನೆಂಟರಂದು, ಅವನು ಎದ್ದು ಹೊರಡುವಾಗ, ದೂನ್ಯಾ ಎರಡು ದಿನದಿಂದ ಒಳಗೊಳಗೇ ಹೇಳಿ ನೋಡಿಕೊಂಡಿದ್ದ ಮಾತನ್ನು ಹೇಳಿದಳು.

"ನಾಳೆ ನಮ್ಮನೇಲಿ ಸ್ಲಾವಾ. ಸಂತ ನಿಕೋಲಾ ನಮ್ಮ ಮನೆ ಸಂತ. ನಮ್ಮನೆ ನದಿಯ ಆಚೆ, ಪೆತ್ರೊವರಾದಿನ್‌ನಲ್ಲಿ. ಕೋಟೆ ಕೆಳಗಿನ ಬೀದಿ, ಹಸಿರು ಗೇಟು."

"ಓ. ಹಾಗಾದ್ರೆ ನಾಳೆ ಆಫೀಸು ರಜೆ."

"ರಜೆ."

"ಒಳ್ಳೇದಾಗ್ಲಿ," ಎಂದು ಅವನು ಹೋದ.

ಅವಳು ಹೇಳಬಹುದಾದದ್ದನ್ನೆಲ್ಲ ಹೇಳಿಬಿಟ್ಟಿದ್ದಳು. ಮನೆಯ ಸಂತನ ಹಬ್ಬಕ್ಕೆ ಅಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಬಾಗಿಲು ತೆರೆದಿರುತ್ತದೆ, ಬೇಕಾದವರು ಬರುತ್ತಾರೆ. ಬನ್ನಿ ಎಂದು ಕರೆದರೆ, ಕರೆಯದೆ ಬರುವಷ್ಟು ಹತ್ತಿರದವರು ನೀವಲ್ಲ ಎಂದಂತೆ. ಹೆಣ್ಣೊಬ್ಬಳು ಬೀದಿ, ಗೇಟಿನ ಬಣ್ಣ ಸಮೇತ ಹೇಳಿದಳೆಂದರೆ ಅದಕ್ಕಿಂತ ದೊಡ್ಡ ಮಾತು ಇನ್ನೇನಿದೆ?

ಮರುದಿನ ಮಧ್ಯಾಹ್ನದಿಂದಲೇ ಮನೆ ತುಂಬಿತು. ಮೇಣದ ಬತ್ತಿ ಉರಿಯುತ್ತಿತ್ತು. ಬಾಗಿಲಲ್ಲಿ ಅಮ್ಮ ಬಂದವರಿಗೆಲ್ಲ ವಾಲ್ನಟ್ ಬೆರೆಸಿದ ಸಿಹಿ ಗೋಧಿಯನ್ನು ಚಮಚದಲ್ಲಿ ಕೊಡುತ್ತಿದ್ದಳು. ಕ್ರಿಸ್ಮಸ್ಸಿಗೆ ಮುಂಚಿನ ಉಪವಾಸದ ಕಾಲವಾದ್ದರಿಂದ ಮಾಂಸವಿಲ್ಲ, ಮೀನು ಮಾತ್ರ ನಡೆಯುತ್ತದೆ. ಮೀನಿನ ಸಾರು, ಹುರಿದ ಮೀನು, ಒಲೆಯಲ್ಲಿ ಬೇಯಿಸಿದ ಹುರುಳಿಕಾಯಿ ಬೀಜ. ದೂನ್ಯಾ ತಟ್ಟೆ ಇಡುತ್ತಿದ್ದಳು, ತಟ್ಟೆ ತೆಗೆಯುತ್ತಿದ್ದಳು. ಗೇಟು ಕಿರುಗುಟ್ಟಿದಾಗಲೆಲ್ಲ ಕೈ ತಡೆಯುತ್ತಿತ್ತು.

ನಾಲ್ಕು ಗಂಟೆಗೆ ದೊಡ್ಡಪ್ಪನ ಮಗ ಗೋಯ್ಕೊ ಬಂದ. ಆ ದಿನ ಅರ್ಧ ಊರಿಗೆ ಅದೇ ಸಂತನ ಹಬ್ಬ. ಗೋಯ್ಕೊ ಬೆಳಗ್ಗೆಯಿಂದ ಮನೆಯಿಂದ ಮನೆಗೆ ತಿನ್ನುತ್ತಲೇ ಬಂದಿದ್ದ.

"ಸ್ಮಿಲ್ಯಾ ಮನೇಲಿ ಸಾರು ಚೆನ್ನಾಗಿತ್ತು ಕಣೇ ದೂನ್ಯಾ. ನಿಮ್ಮದಷ್ಟಲ್ಲ, ಹೆದರ್ಕೋಬೇಡ. ಅಲ್ಲೊಬ್ಬ ಚೆಕ್ ಹುಡುಗ ಕೂತಿದ್ದ ನೋಡು, ಎರಡು ಸಲ ಹಾಕಿಸ್ಕೊಂಡ. ಸ್ಮಿಲ್ಯಾಳ ತಾಯಿ ಅವನ ತಟ್ಟೆ ಖಾಲಿ ಆಗೋಕೇ ಬಿಡ್ತಿರ್ಲಿಲ್ಲ. ಅಳಿಯ ಬಂದ ಹಾಗೆ."

ದೂನ್ಯಾಳ ಕೈಯ ಚಮಚ ಸಾರಿನ ಪಾತ್ರೆಯೊಳಗೆ ಜಾರಿತು.

"ಏನಾಯ್ತೇ?" ಎಂದಳು ಅಮ್ಮ.

"ಏನಿಲ್ಲ. ಬಿಸಿ ತಾಗ್ತು."

ಅವನು ಹೋದದ್ದು ಅಲ್ಲಿಗೆ. ಎಂದಿನಂತೆ ಮೊದಲು ಅಲ್ಲಿಗೆ. ಆದರೆ ಈ ಸಲ ಅಲ್ಲಿಂದ ಇಲ್ಲಿಗೆ ಬರಲೂ ಇಲ್ಲ... ಕೊನೆಯ ಅತಿಥಿ ಹೋಗುವವರೆಗೆ ಅವಳು ನಗುನಗುತ್ತಲೇ ಬಡಿಸಿದಳು. ಸ್ಮಿಲ್ಯಾಳ ಮೇಲೆ ಅಷ್ಟು ಹೊಟ್ಟೆಕಿಚ್ಚು ಅವಳಿಗೆ ಯಾವತ್ತೂ ಆಗಿರಲಿಲ್ಲ. ಗಿರಾಕಿಗಳನ್ನು ಕರೆದೊಯ್ದಾಗಲೂ ಇಲ್ಲ.

*

ಇಪ್ಪತ್ತನೆಯ ತಾರೀಕು ಬೆಳಗ್ಗೆ ಹತ್ತಕ್ಕೆ ಬಾಗಿಲು ತೆರೆದುಕೊಂಡಿತು. ರಾದಿಮ್. ಇವತ್ತು ಕೈಯಲ್ಲಿ ಹಾಳೆ ಇರಲಿಲ್ಲ.

"ನಿರ್ಧಾರ ಮಾಡಿದೆ," ಎಂದ. "ನದಿ. ಪಸಾವುನಿಂದ ಬುಡಾಪೆಸ್ಟ್‌ವರೆಗೆ, ಮೇ ತಿಂಗಳಲ್ಲಿ. ನೀವು ಮೊದಲನೇ ದಿನ ಹೇಳಿದ್ದ ಜರ್ಮನ್ ಕಂಪನಿ, ಮಧ್ಯದ ಅಂತಸ್ತು."

"ಎದುರುಗಡೆ ಹೋಗಿ ಬುಕ್ ಮಾಡಿಸಿ."

"ಯಾಕೆ?"

"ಅಲ್ಲಿ ಸಾರು ಚೆನ್ನಾಗಿರತ್ತಂತೆ."

"ನಿಮಗೆ ಕೋಪ ಬಂದಿದೆ. ನಾನು ಅವರ ಮನೆಗೆ ಹೋಗಿದ್ದಕ್ಕಾ?"

"ನೀವು ಯಾರ ಮನೆಗೆ ಹೋದ್ರೂ ನನಗೇನು? ನಾನು ಬೀದಿ ಹೇಳಿದ್ದೆ. ಗೇಟಿನ ಬಣ್ಣ ಹೇಳಿದ್ದೆ."

"ಹೇಳಿದ್ರಿ. ಆದ್ರೆ ಕರೀಲಿಲ್ಲ."

"ಸ್ಲಾವಾಕ್ಕೆ ಯಾರಾದ್ರೂ ಕರೀತಾರಾ?"

"ಸ್ಮಿಲ್ಯಾ ಕರೆದ್ರು. ನೀನು ಹೊರಗಿನವನು, ನಿನಗೆ ಗೊತ್ತಾಗಲ್ಲ, ಬಾ ಅಂದ್ರು. ನಮ್ಮೂರಲ್ಲಿ ಕರೆಯದೆ ಒಬ್ಬರ ಮನೆ ಹಬ್ಬಕ್ಕೆ ಹೋದ್ರೆ ಪೊಲೀಸಿಗೆ ಫೋನ್ ಮಾಡ್ತಾರೆ. ನೀವು ರಜೆ ಇದೆ ಅಂತ ತಿಳಿಸ್ತಿದ್ದೀರಿ ಅನ್ಕೊಂಡೆ. ಗೇಟಿನ ಬಣ್ಣ ಯಾಕೆ ಹೇಳಿದ್ರಿ ಅಂತ ರಸ್ತೆ ಉದ್ದಕ್ಕೂ ಯೋಚನೆ ಮಾಡಿದೆ. ಅರ್ಥ ಆಗ್ಲಿಲ್ಲ."

ದೂನ್ಯಾ ಕುರ್ಚಿಯಲ್ಲಿ ಕೂತುಬಿಟ್ಟಳು. ಹುಟ್ಟಿದಾಗಿನಿಂದ ಗೊತ್ತಿರುವುದನ್ನು ಯಾರಿಗಾದರೂ ಹೇಳಿಕೊಡಬೇಕಾಗುತ್ತದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಹಡಗಿನ ಕಿಟಕಿಯ ಬಗ್ಗೆ ಅರ್ಧ ಗಂಟೆ ವಿವರಿಸಿದವಳು ಇದೊಂದನ್ನು ವಿವರಿಸಿರಲಿಲ್ಲ.

"ಹಾಗಾದ್ರೆ ಪ್ರತಿ ಗುರುವಾರ?" ಅವಳ ದನಿ ಸಣ್ಣದಾಗಿತ್ತು. ಕೇಳಬಾರದೆಂದುಕೊಂಡರೂ ಕೇಳಿಬಿಟ್ಟಳು. "ಮೊದಲು ಅಲ್ಲಿಗೇ ಹೋಗ್ತಿದ್ರಲ್ಲ. ನಲವತ್ತು ನಿಮಿಷ..."

"ಲೆಕ್ಕ ಇಟ್ಟಿದ್ದೀರಾ?"

ಅವಳು ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸತೊಡಗಿದಳು.

"ಅಮ್ಮ ಅಕ್ಟೋಬರಲ್ಲೇ ಕಡಲು ಬೇಡ, ನದೀನೇ ಸಾಕು ಅಂದುಬಿಟ್ರು," ಎಂದ ರಾದಿಮ್. ಕಿವಿಗಳು ಮತ್ತೆ ಕೆಂಪಾದವು. "ಆಮೇಲೆ ನನಗೆ ಇಲ್ಲಿಗೆ ಬರೋಕೆ ಕಾರಣ ಉಳಿಲಿಲ್ಲ. ಸುಮ್ಮನೆ ಬಂದು ಕೂರೋ ಧೈರ್ಯ ನನಗಿಲ್ಲ. ಅದಕ್ಕೇ ಮೊದಲು ಅಲ್ಲಿ ಹೋಗಿ ಪ್ರಶ್ನೆ ತಗೊಂಡು ಬರ್ತಿದ್ದೆ. ಸ್ಮಿಲ್ಯಾಗೆ ಎರಡನೇ ವಾರವೇ ಗೊತ್ತಾಯ್ತು. ಅವತ್ತಿಂದ ಅವರೇ ಪ್ರಶ್ನೆ ಹುಡುಕಿ ಕೊಡ್ತಿದ್ರು. ಇದನ್ನ ಕೇಳು, ಅವಳಿಗೆ ಸಿಟ್ಟು ಬರತ್ತೆ, ಜಾಸ್ತಿ ಹೊತ್ತು ಮಾತಾಡ್ತಾಳೆ ಅಂತ ನಗೋರು."

"ಸ್ಮಿಲ್ಯಾನಾ?"

"ನೀರು ಇಳಿದ್ರೆ ಏನಾಗತ್ತೆ ಅಂತ ಮೊದಲ ದಿನವೇ ಕೇಳಿದೆ ನೋಡಿ. ದಿನಾ ಬೆಳಗ್ಗೆ ಆ ನದಿ ಅಳೆಯೋನು ನಾನು. ಉತ್ತರ ಗೊತ್ತಿದ್ದೂ ಕೇಳಿದ್ದು."

ದೂನ್ಯಾ ರಸ್ತೆಯ ಆಚೆ ನೋಡಿದಳು. ಎದುರಿನ ಗಾಜಿನ ಹಿಂದೆ ಸ್ಮಿಲ್ಯಾ ನಿಂತಿದ್ದಳು. ದೃಷ್ಟಿ ಸೇರಿದಾಗ ಅವಳು ತಪ್ಪಿಸಿಕೊಳ್ಳಲಿಲ್ಲ. ಮಣಿಕಟ್ಟನ್ನು ಎತ್ತಿ, ಗಡಿಯಾರದ ಮೇಲೆ ಬೆರಳಿನಿಂದ ತಟ್ಟಿ ತೋರಿಸಿದಳು.

ಇಪ್ಪತ್ತನೆಯ ತಾರೀಕು. ಇನ್ನೊಂದು ವರ್ಷ ಇರುತ್ತಾನೋ ಇಲ್ಲವೋ ಎಂದು ಮಧ್ಯಾಹ್ನದೊಳಗೆ ಅವನು ಉತ್ತರ ಕೊಡಬೇಕು.

"ಏನು ಹೇಳ್ತೀರಿ ನಿಮ್ಮ ಮೇಲಿನವರಿಗೆ?" ಎಂದಳು ದೂನ್ಯಾ.

"ಗೊತ್ತಿಲ್ಲ. ಟಿಕೆಟ್ ಬುಕ್ ಆಯ್ತು ಅಂದ್ರೆ ಪ್ರಶ್ನೆ ಮುಗೀತು. ಪ್ರಶ್ನೆ ಇಲ್ಲದೆ ನಾನು ಈ ಊರಲ್ಲಿ ಇರಬಹುದಾ ಅಂತ... ಅದನ್ನ ನಾನು ಸ್ಮಿಲ್ಯಾನ ಕೇಳೋಕಾಗಲ್ಲ."

ದೂನ್ಯಾಳ ಮನೆಯಲ್ಲಿ ಅಜ್ಜಿ ಯಾರನ್ನೂ ಕರೆದಿರಲಿಲ್ಲ, ಅಮ್ಮ ಕರೆದಿರಲಿಲ್ಲ. ಬರುವವರು ತಾವೇ ಬರಬೇಕು. ಬಾರದವರನ್ನು ಕಾಯಬೇಕು. ಹಾಗೆ ಕಾಯುತ್ತ ಕೂತರೆ ಈ ಮನುಷ್ಯ ಒಳ್ಳೇದಾಗ್ಲಿ ಎಂದು ಹೇಳಿ ರೈಲು ಹತ್ತುತ್ತಾನೆ.

"ಹಬ್ಬದ ಎರಡನೇ ದಿನ ಇವತ್ತು," ಎಂದಳು. "ತೀರಾ ಹತ್ತಿರದವರು ಮಾತ್ರ ಬರ್ತಾರೆ. ಮಿಕ್ಕಿದ ಮೀನು ತಿನ್ನೋಕೆ."

ಅವನು ಕಾದ. ಅವಳು ಉಸಿರು ಎಳೆದುಕೊಂಡಳು.

"ಬಾ, ರಾದಿಮ್. ನಮ್ಮನೆಗೆ ಬಾ. ಕರೀತಾ ಇದ್ದೀನಿ."

ಅವನು ಜೇಬಿನಿಂದ ಫೋನ್ ತೆಗೆದು, ಅವಳ ಎದುರಿಗೇ ನಿಂತು ಚೆಕ್ ಭಾಷೆಯಲ್ಲಿ ನಾಲ್ಕು ಮಾತಾಡಿದ. ಅವಳಿಗೆ ಅರ್ಥವಾದದ್ದು ಎರಡೇ. ಮೊದಲಿನದು "ಹೌದು". ಕೊನೆಯದು "ಇರ್ತೀನಿ".

ಆಫೀಸಿನ ಬಾಗಿಲಿಗೆ ಬೀಗ ಹಾಕಲು ಅವಳು ಕೈ ಚಾಚಿದಳು. ಅವನು ಬೀಗದ ಜೊತೆಗೆ ಆ ಕೈಯನ್ನೂ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ಸೇತುವೆಯ ಕಡೆ ತಿರುಗಿದರು.

"ಎಷ್ಟು ದಿನಕ್ಕೆ ಒಪ್ಕೊಂಡೆ?" ಎಂದು ಕೇಳಿದಳು.

"ಒಂದು ವರ್ಷ."

ದೂನ್ಯಾ ಅವನ ಕೈ ಹಿಡಿದೇ ಸೇತುವೆಗೆ ಕಾಲಿಟ್ಟಳು.

"ಸಾಲದು," ಎಂದಳು.