ಮೇಷ್ಟ್ರ ಬೆರಳ ತುದಿಯ ದೇಶಗಳು

"ಈ ನಕ್ಷೆಯಲ್ಲಿ ಜೀವ ಇಲ್ಲ ಮೇಡಂ."

ಅಷ್ಟು ಹೇಳಿ ಮೇಷ್ಟ್ರು ನಕ್ಷೆಯ ಮೇಲಿಂದ ಬೆರಳು ತೆಗೆದರು.

ಅವಳ ಕಿವಿ ಬಿಸಿಯಾಯಿತು. ಕಣ್ಣಿಲ್ಲದ ಮಕ್ಕಳ ಪುಸ್ತಕಗಳಿಗೆ ಉಬ್ಬು ನಕ್ಷೆ ಮಾಡುವುದು ಅವಳ ಕೆಲಸ. ಪ್ರಪಂಚದ ಈ ನಕ್ಷೆಗಾಗಿ ಇಡೀ ಬೇಸಿಗೆ ಬೆನ್ನು ಬಗ್ಗಿಸಿ ಕೂತಿದ್ದಳು. ಬೆಟ್ಟಕ್ಕೆ ಒರಟು ಕಾಗದ, ನದಿಗೆ ದಾರ, ಗಡಿಗೆ ಚುಕ್ಕೆ. ಅಚ್ಚಿಗೆ ಹೋಗುವ ಮೊದಲು ಅಂಧರ ಶಾಲೆಯಲ್ಲಿ ಒಮ್ಮೆ ತೋರಿಸಿ ಬಾ ಎಂದು ಮುದ್ರಣಾಲಯದ ಯಜಮಾನರು ಕಳಿಸಿದ್ದರು. ಹೊಗಳಿಕೆ ನಿರೀಕ್ಷಿಸಿ ಬಂದವಳಿಗೆ ಸಿಕ್ಕಿದ್ದು ಇದು.

"ಏನು ತಪ್ಪಿದೆ ಹೇಳಿ ಸರ್."

"ತಪ್ಪಿಲ್ಲ. ಗಡಿ ಎಲ್ಲ ಸರಿಯಾಗೇ ಇದೆ. ಆದ್ರೆ ಅಲ್ಲಿ ಯಾರೂ ವಾಸ ಮಾಡ್ತಿಲ್ಲ."

"ನಕ್ಷೆಯಲ್ಲಿ ಯಾರಾದ್ರೂ ವಾಸ ಮಾಡ್ತಾರಾ?"

ತರಗತಿಯ ಮಕ್ಕಳು ಕಿಸಕ್ಕೆಂದರು. ಮೇಷ್ಟ್ರೂ ನಕ್ಕರು. ಆಗಲೇ ಅವಳು ಗಮನಿಸಿದ್ದು... ಅವರ ನೋಟ ಅವಳ ಭುಜದಾಚೆ ಎಲ್ಲೋ ನಿಂತಿತ್ತು. ಭೂಗೋಳದ ಮೇಷ್ಟ್ರಿಗೂ ಕಣ್ಣಿರಲಿಲ್ಲ.

"ಕೂತ್ಕೊಳ್ಳಿ. ಒಂದು ಪಾಠ ಕೇಳಿ. ಆಮೇಲೆ ಬೈಯೋದಿದ್ರೆ ಬೈರಿ," ಎಂದರು.

ಅವರು ಬಟ್ಟೆಯ ಚೀಲದಿಂದ ಒಂದು ನಾಣ್ಯ ತೆಗೆದು ಮುಂದಿನ ಬೆಂಚಿನ ಹುಡುಗಿಯ ಅಂಗೈಯಲ್ಲಿಟ್ಟರು.

"ನಡುವೆ ತೂತಿದೆ ಸರ್. ತೂತಿನ ಸುತ್ತ ಹಲ್ಲು ಹಲ್ಲು... ಯಂತ್ರದ ಚಕ್ರದ ಥರ."

"ಇನ್ನೇನಿದೆ?"

"ತೆನೆ. ಬಗ್ಗಿದೆ. ಕೆಳಗೆ ಗೆರೆ ಗೆರೆ."

"ಆ ಗೆರೆ ನೀರು. ಇದು ಜಪಾನಿನ ಐದು ಯೆನ್. ಭತ್ತ ಬೆಳೀತೀವಿ, ಮೀನು ಹಿಡೀತೀವಿ, ಕಾರ್ಖಾನೆ ನಡೆಸ್ತೀವಿ ಅಂತ ಒಂದು ಸಣ್ಣ ಬಿಲ್ಲೆ ಮೇಲೆ ಹೇಳಿ ಕಳ್ಸಿದಾರೆ ನೋಡು."

ಇನ್ನೊಬ್ಬಳಿಗೆ ಸಿಕ್ಕಿದ್ದು ಐಸ್‌ಲ್ಯಾಂಡಿನ ನಾಣ್ಯ. "ಏಡಿ ಸರ್," ಎಂದು ಅವಳು ಬೆರಳು ಹಿಂದಕ್ಕೆಳೆದುಕೊಂಡಳು. ಕಚ್ಚೀತು ಎಂಬ ಹಾಗೆ.

"ಅವರ ನಾಣ್ಯಗಳ ಮೇಲೆಲ್ಲ ಮೀನು, ಏಡಿ, ಡಾಲ್ಫಿನ್."

"ರಾಜ ಇಲ್ವಾ ಸರ್?"

"ಆ ಜನರನ್ನ ಸಾಕಿದ್ದು ಸಮುದ್ರ ಕಣಮ್ಮ. ಯಾರು ಅನ್ನ ಹಾಕಿದ್ರೋ ಅವರ ಮುಖ ಹಾಕಿದಾರೆ."

ಬಳಿಕ ಒಂದು ಪ್ಲಾಸ್ಟಿಕ್ ನೋಟು ಕೈಯಿಂದ ಕೈಗೆ ಹೋಯಿತು. ಆಸ್ಟ್ರೇಲಿಯದ್ದು, ನೀರಲ್ಲಿ ಬಿದ್ದರೂ ಕೆಡುವುದಿಲ್ಲ ಎಂದರು ಮೇಷ್ಟ್ರು. "ಅವರು ಈಜೋವಾಗ್ಲೂ ದುಡ್ಡು ಇಟ್ಕೊಂಡಿರ್ತಾರಾ?" ಎಂದು ಯಾರೋ ಕೇಳಿ ತರಗತಿ ಗೊಳ್ಳೆಂದಿತು. ಆಮೇಲೆ ಅವರು ಬೋಟ್ಸ್ವಾನಾದ ನಾಣ್ಯ ತೆಗೆದರು.

"ಇವರ ನಾಡು ಬಹುಪಾಲು ಒಣಗಿದ ನೆಲ. ಇವರ ದುಡ್ಡಿನ ಹೆಸರು ಪುಲಾ. ಪುಲಾ ಅಂದ್ರೆ ಅವರ ಮಾತಲ್ಲಿ ಮಳೆ."

ಮಕ್ಕಳ ಬೆರಳುಗಳು ಆ ನಾಣ್ಯದ ಮೇಲೆ ನಿಧಾನವಾಗಿ ಹರಿದವು.

ಅವಳು ತನ್ನ ನಕ್ಷೆಯತ್ತ ತಿರುಗಿದಳು. ಮರಳುಗಾಡೆಂದು ಆ ದೇಶಕ್ಕೆ ಉಪ್ಪುಕಾಗದ ಅಂಟಿಸಿ ಅವಳು ಮುಂದಕ್ಕೆ ಹೋಗಿದ್ದಳು. ಅಲ್ಲಿ ಯಾರೋ ಮಳೆಗಾಗಿ ಆಕಾಶ ನೋಡುತ್ತ ನಿಂತಿರಬಹುದೆಂದು ತೋಚಿರಲೇ ಇಲ್ಲ. 'ಈ ಮನುಷ್ಯ ಈ ಕೋಣೆ ಬಿಟ್ಟು ಕದಲಿಲ್ಲ... ಆದರೂ ಎಷ್ಟು ದೂರ ಹೋಗಿ ಬಂದಿದ್ದಾನೆ!'

ಸಂಜೆ ಯಜಮಾನರಿಗೆ ಫೋನ್ ಮಾಡಿ, "ನಕ್ಷೆ ಅಚ್ಚಿಗೆ ಹಾಕ್ಬೇಡಿ. ಮತ್ತೆ ಮಾಡ್ತೀನಿ," ಎಂದಳು.

ಅಂದಿನಿಂದ ಶನಿವಾರವೆಂದರೆ ಶಾಲೆ. ಒಂದೊಂದು ನಾಣ್ಯದ ಉಬ್ಬನ್ನು ತೆಳು ತಗಡಿನ ಮೇಲೆ ಒತ್ತಿ ತೆಗೆದು ಆಯಾ ದೇಶದ ಪಕ್ಕ ಕೂರಿಸುವುದು ಅವರಿಬ್ಬರ ಯೋಜನೆ. ಕೆಲಸಕ್ಕಿಂತ ಜಗಳವೇ ಹೆಚ್ಚು.

"ನಿಮ್ಮ ಏಡಿ ಇಡೀ ಐಸ್‌ಲ್ಯಾಂಡನ್ನ ನುಂಗಿ ಹಾಕಿದೆ ಸರ್."

"ಸಣ್ಣ ಮಾಡಿದ್ರೆ ಅದು ಏಡಿ ಅಲ್ಲ, ತಿಗಣೆ."

"ನೋಡೋರಿಗೆ ಚೆನ್ನಾಗಿರ್ಬೇಕಲ್ವಾ?"

"ನೋಡೋರು ಯಾರಮ್ಮ ಇಲ್ಲಿ?"

ಇಬ್ಬರೂ ನಗುತ್ತಿದ್ದರು. ಪಕ್ಕದ ಹಾಸ್ಟೆಲಿನ ವಾರ್ಡನ್ ಆಗಿದ್ದ ಮೇಷ್ಟ್ರ ಅಕ್ಕ ಚಹಾ ತಂದಿಟ್ಟು, "ನಿಮ್ಮಿಬ್ಬರ ಮಧ್ಯೆ ಪ್ರಪಂಚ ಚೂರಾಗ್ದೆ ಉಳಿದ್ರೆ ಸಾಕು," ಎಂದು ಹೋಗುತ್ತಿದ್ದರು.

ಒಂದು ದಿನ ಅವಳು ಕೇಳಿದಳು. "ಇಷ್ಟೆಲ್ಲ ಎಲ್ಲಿ ಸಿಕ್ತು ಸರ್?"

"ಅಪ್ಪಂದು ಬಂದರಿನ ಬೀದಿಯಲ್ಲಿ ಕ್ಷೌರದಂಗಡಿ. ಹಡಗಿನವರು ಹೋಗೋವಾಗ ತಮ್ಮ ದೇಶದ ನಾಣ್ಯ ಬಿಟ್ಟು ಹೋಗ್ತಿದ್ರು. ಇಲ್ಲಿ ಅದು ನಡೆಯಲ್ಲ. ಅಪ್ಪ ಅದನ್ನ ನನ್ನ ಕೈಗಿಟ್ಟು, ಅವರ ಊರಿನ ಬಗ್ಗೆ ಅವರೇನು ಹೇಳಿದ್ರೋ ಅದನ್ನೆಲ್ಲ ಹೇಳೋರು. ಕಾಲೇಜಿಗೆ ಹೋಗಿ ಭೂಗೋಳ ಓದಿದ್ದು ಆಮೇಲೆ. ನೆಂಟರು ನನ್ನನ್ನೇ ಸವಕಲು ನಾಣ್ಯ ಅಂತಿದ್ರು. ಅಪ್ಪ ಮಾತ್ರ, ಎಲ್ಲಾ ನಾಣ್ಯಕ್ಕೂ ನಡೆಯೋ ಊರು ಒಂದಿರುತ್ತೆ ಕಣೋ, ಅನ್ನೋರು."

ಕೊರಗಿಲ್ಲದೆ ಹೇಳಿದರು.

ಅವಳು ಚೀಲ ಕೆಳಗಿಡುವ ಸದ್ದಿನಲ್ಲೇ "ಇವತ್ತು ಯಾರ ಮೇಲೆ ಸಿಟ್ಟು?" ಎಂದು ಕೇಳುವಷ್ಟು ಅವರು ಅವಳನ್ನು ಅರಿತಿದ್ದರು. ಶುಕ್ರವಾರದಿಂದಲೇ ಅವಳ ಮನಸ್ಸು ಗಡಿಯಾರ ನೋಡುತ್ತಿತ್ತು. 'ಇದು ಬರೀ ನಕ್ಷೆಯ ಕೆಲಸ ಅಂತ ಯಾರಿಗೆ ಸುಳ್ಳು ಹೇಳ್ತಿದೀನಿ?'

ನಕ್ಷೆ ಮುಗಿಯುತ್ತ ಬಂದಿತ್ತು. ಒಂದು ಶನಿವಾರ ಬೇಗ ಬಂದವಳು ತರಗತಿಯ ಬಾಗಿಲಲ್ಲೇ ನಿಂತಳು. ಒಳಗೆ ಮೇಷ್ಟ್ರು ಅಕ್ಕನಿಗೆ ಹೇಳುತ್ತಿದ್ದರು.

"ಬೇಡ ಅಕ್ಕ. ಅವರು ಬರೋದು ಕನಿಕರಕ್ಕೆ. ಕನಿಕರದ ಮೇಲೆ ಸಂಸಾರ ಕಟ್ಟೋಕಾಗಲ್ಲ. ಕೆಲಸ ಮುಗೀಲಿ, ಅವರ ಪಾಡಿಗೆ ಅವರು ಹೋಗ್ಲಿ."

ಕನಿಕರವೇ? ಇಷ್ಟು ದಿನದ ಮಾತು, ನಗು, ಜಗಳ... ಅವರಿಗೆ ಬರೀ ಕನಿಕರವಾಗಿ ಕೇಳಿಸಿತೇ? ಸದ್ದಿಲ್ಲದೆ ತಿರುಗಿ ನಡೆದಳು.

ಉಳಿದ ಕೆಲಸ ಮನೆಯಲ್ಲೇ ಮುಗಿಸಿ ನಕ್ಷೆಯನ್ನು ಅಚ್ಚಿಗೆ ಕೊಟ್ಟಳು. ಶನಿವಾರಗಳು ಬಂದವು, ಹೋದವು. ಅವರ ಕಡೆಯಿಂದ ಫೋನಿಲ್ಲ. ಅವಳೂ ಮಾಡಲಿಲ್ಲ.

ಕೊನೆಗೆ ಮುದ್ರಣಾಲಯಕ್ಕೆ ಹುಡುಕಿಕೊಂಡು ಬಂದವರು ಮೇಷ್ಟ್ರ ಅಕ್ಕ.

"ನೀವು ಬರೋದು ನಿಲ್ಲಿಸಿದ್ಮೇಲೆ ಅವನ ಪಾಠದಲ್ಲಿ ಉಪ್ಪಿಲ್ಲ, ಖಾರ ಇಲ್ಲ. ಏನಾಯ್ತಮ್ಮ?"

ಅವಳು ಕೇಳಿಸಿಕೊಂಡದ್ದನ್ನು ಹೇಳಿದಳು. ಅಕ್ಕ ಹಣೆ ಒತ್ತಿಕೊಂಡರು.

"ಅದು ಅವನ ಮಾತಲ್ಲ. ನೀವು ಶನಿವಾರ ಶನಿವಾರ ಇಲ್ಲಿಗೆ ಬರೋದು ತಿಳಿದು ನಿಮ್ಮಣ್ಣ ಶಾಲೆಗೆ ಬಂದಿದ್ರು. 'ನನ್ನ ತಂಗಿಗೆ ಕರುಳು ಜಾಸ್ತಿ, ಬೀದಿ ನಾಯಿ ಕುಂಟಿದ್ರೂ ಮನೆಗೆ ತರ್ತಾಳೆ. ಅದನ್ನ ಪ್ರೀತಿ ಅಂದ್ಕೋಬೇಡಿ' ಅಂದು ಹೋದ್ರು."

ಮನೆಗೆ ಹೋದವಳು ಅಣ್ಣನ ಎದುರು ನಿಂತಳು.

"ಹಾಗಂದಿದ್ದು ನಿಜಾನಾ ಅಣ್ಣ?"

ಅವನು ಪೇಪರ್ ಮಡಚಿಟ್ಟ. "ಒಬ್ಬಳೇ ಎಲ್ಲಾ ಹೊರೋ ಹಾಗಾಗ್ಬಾರ್ದು ಅಂತ... ನಿನ್ನ ಒಳ್ಳೇದಕ್ಕೇ ಅಂದೆ."

"ನನ್ನ ಒಳ್ಳೇದನ್ನ ನನ್ನನ್ನ ಕೇಳಿ ಮಾಡು. ಹೊರೋದು ಯಾರು ಯಾರನ್ನ ಅಂತ ನಿಂಗೆ ಗೊತ್ತಿಲ್ಲ. ಒಂದು ಸಲ ಅವರ ಪಾಠದಲ್ಲಿ ಕೂತು ನೋಡು."



ಮರುದಿನ ಅವಳು ಶಾಲೆಗೆ ಹೋದಾಗ ಮಕ್ಕಳು ಊಟಕ್ಕೆ ಹೋಗಿದ್ದರು. ಹೊಸದಾಗಿ ಅಚ್ಚಾಗಿ ಬಂದ ನಕ್ಷೆಯ ಮುಂದೆ ಮೇಷ್ಟ್ರು ಒಬ್ಬರೇ ಕೂತಿದ್ದರು.

"ಬಂದ್ರಾ..." ಎಂದರು, ಅವಳು ಮಾತಾಡುವ ಮೊದಲೇ. "ಅಕ್ಕ ಕಳ್ಸಿದ್ರಾ?"

"ನಾನೇ ಬಂದೆ. ಒಂದು ಕೇಳ್ಬೇಕು. ನಿಮ್ಮ ಹತ್ರ ನಾನು ಎಷ್ಟು ಸಲ ಜಗಳ ಆಡಿದೀನಿ?"

"ಅದಕ್ಕೆ ಲೆಕ್ಕ ಇದೆಯಾ?"

"ಕನಿಕರ ಇರೋರು ಜಗಳ ಆಡ್ತಾರಾ ಸರ್? ಅವರು ಎಲ್ಲದಕ್ಕೂ ಹೂಂ ಹೂಂ ಅಂದು ಮನೆಗೆ ಹೋಗ್ತಾರೆ."

ಮೇಷ್ಟ್ರು ಮೇಜಿನ ಅಂಚು ಹಿಡಿದುಕೊಂಡರು.

"ಹುಟ್ಟಿದಾಗಿಂದ ಕನಿಕರ ಕೇಳಿದೀನಿ. ಧ್ವನಿಯಲ್ಲೇ ಗೊತ್ತಾಗುತ್ತೆ. ನಿಮ್ಮ ಧ್ವನಿಯಲ್ಲಿ ಅದು ಯಾವತ್ತೂ ಕೇಳಿಸ್ಲಿಲ್ಲ. ನಿಮ್ಮಣ್ಣ ಹೇಳಿದ ಮೇಲೆ ಭಯ ಆಯ್ತು... ಅದು ಇಲ್ದೆ ಕೇಳಿಸ್ಲಿಲ್ವೋ, ಇರಬಾರ್ದು ಅನ್ನೋ ಆಸೆಗೆ ಕೇಳಿಸ್ಲಿಲ್ವೋ ಅಂತ. ನಿಮ್ಮನ್ನೇ ಕೇಳೋ ಧೈರ್ಯ ಬರ್ಲಿಲ್ಲ."

"ಈಗ ಕೇಳಿ."

"ಯಾಕೆ ಬರ್ತಿದ್ರಿ?"

ಅವಳು ಎದುರಿನ ಬೆಂಚಿನಲ್ಲಿ ಕೂತಳು. ಕಣ್ಣು ತುಂಬಿತ್ತು, ಧ್ವನಿ ನಡುಗಲಿಲ್ಲ.

"ನಿಮ್ಮನ್ನ ನೋಡಿ ನಾನು ಯಾವತ್ತೂ ಅಯ್ಯೋ ಅಂದಿಲ್ಲ. ಅಬ್ಬಾ ಅಂದಿದೀನಿ. ಮೊದಲನೇ ದಿನದಿಂದ್ಲೂ ಅದೇ. ಇಷ್ಟು ದೊಡ್ಡ ಪ್ರಪಂಚವನ್ನ ಇಷ್ಟು ಪ್ರೀತಿಯಿಂದ ಮುಟ್ಟೋರು ನನ್ನನ್ನೂ ಪ್ರೀತಿಸಿದ್ರೆ ಹೇಗಿರುತ್ತೆ ಅನ್ನೋ ದುರಾಸೆಗೆ ಬರ್ತಿದ್ದೆ."

ಅವರ ಕೈ ಮೇಜಿನ ಮೇಲೆ ಮೆಲ್ಲಗೆ ಮುಂದಕ್ಕೆ ಬಂತು. ಅವಳು ತನ್ನ ಕೈಯನ್ನು ಅದರ ದಾರಿಯಲ್ಲಿಟ್ಟಳು.

"ಮೂಗಿನ ತುದಿಯಲ್ಲೇ ಕೋಪ ಇರೋನು ನಾನು," ಎಂದರು.

"ಗೊತ್ತು. ನಂದೂ ಅಲ್ಲೇ ಇರೋದು."

"ನಿಮ್ಮಣ್ಣನಿಗೆ..."

"ಅವನು ಬಂದು ನಿಮ್ಮ ಪಾಠ ಕೇಳ್ಲಿ. ಆಮೇಲೆ ಮಾತಾಡೋಣ. ಮೊದ್ಲು, ಈ 'ನೀವು' ಸಾಕು. ನೀನು ಅನ್ನಿ."

ಮೇಷ್ಟ್ರು ಬಾಯಿ ತೆರೆದರು, ಮುಚ್ಚಿದರು. ಇಡೀ ಪ್ರಪಂಚವನ್ನು ಗಂಟೆಗಟ್ಟಲೆ ಹೇಳಬಲ್ಲವರು ಆ ಒಂದು ಪದಕ್ಕೆ ತಡವರಿಸಿದರು. ಅವರ ಕಿವಿ ಕೆಂಪಾದದ್ದನ್ನು ಅವಳು ಕಣ್ಣು ತುಂಬ ನೋಡಿದಳು.

"ನೀನು..." ಎಂದರು ಕೊನೆಗೆ. "ನೀನು ಊಟ ಮಾಡಿದ್ಯಾ?"

"ಇಲ್ಲ."

"ನಂದೂ ಆಗಿಲ್ಲ. ಬಾ."