ತೊಳೆದಿಟ್ಟ ಬೀಕರ್

"ಸಾರ್, ಒಂದು ಡೌಟು."

ಶಿವಮೊಗ್ಗದ ಟ್ಯುಟೋರಿಯಲ್‌ನಲ್ಲಿ ಕ್ಲಾಸ್ ಮುಗಿಸಿ ಬೋರ್ಡ್ ಒರೆಸುತ್ತಿದ್ದೆ. ಆ ದನಿ ಕೇಳಿ ಡಸ್ಟರ್ ಕೈಜಾರಿತು. ಹುಡುಗರೆಲ್ಲ ಹೋದ ಮೇಲೆ ಕೊನೇ ಬೆಂಚಿನಲ್ಲಿ ರಂಜಿನಿ ಉಳಿದಿದ್ದಳು; ಯಾವಾಗ ಬಂದು ಕೂತಳೋ, ನಾನು ನೋಡಿರಲಿಲ್ಲ. ಅವಳನ್ನು ಕೊನೆಯ ಸಲ ನೋಡಿದ್ದು ತೊಂಬತ್ತಾರರಲ್ಲಿ, ಎರಡು ವರ್ಷದ ಹಿಂದೆ.

"ಫಾಸ್ಫರಸ್ ಆಸಿಡ್‌ನಲ್ಲಿ ಮೂರು ಹೈಡ್ರೋಜನ್ ಇದ್ರೂ ಎರಡೇ ಬಿಟ್ಟು ಹೋಗುತ್ತೆ ಅಂದ್ರಿ. ಮೂರನೇದು ಯಾಕೆ ಹೋಗಲ್ಲ?"

"ಅದು ನೇರ ಫಾಸ್ಫರಸ್‌ಗೇ ಅಂಟ್ಕೊಂಡಿರುತ್ತೆ."

"ನೋಡಿ ಮಾರಾಯ್ರೇ, ಅದಕ್ಕಿರೋ ನಿಯತ್ತು ನಿಮಗಿಲ್ವಲ್ಲ!" ಹುಬ್ಬು ಹಾರಿಸಿದಳು. ಕಣ್ಣು ಮಾತ್ರ ತುಂಬಿತ್ತು.

ನನಗೆ ನಗು ಬಂತು. ಅದರ ಹಿಂದೆಯೇ ಪುಟ್ಟಯ್ಯನೂ ಬಂದ. ಸತ್ತು ಎರಡು ವರ್ಷವಾದರೂ ನಾನು ನಕ್ಕಾಗಲೆಲ್ಲ ಬರುತ್ತಾನೆ. ಖಾಕಿ ಅಂಗಿ, ಕಿವಿಯ ಸಂದಿಯಲ್ಲಿ ಬೀಡಿ. ಸುಮ್ಮನೆ ನಿಲ್ಲುತ್ತಾನೆ. ಬೈದರೆ ಎಷ್ಟೋ ವಾಸಿ.

ಭದ್ರಾವತಿಯ ಹೊರಗಿನ ಒಂದು ಸಣ್ಣ ಫೌಂಡ್ರಿಯ ಲ್ಯಾಬ್‌ನಲ್ಲಿ ರಂಜಿನಿ, ನಾನು ಇಬ್ಬರೂ ಕೆಮಿಸ್ಟ್‌ಗಳಾಗಿದ್ದೆವು. ಉಕ್ಕಿನಲ್ಲಿ ಫಾಸ್ಫರಸ್ ಎಷ್ಟಿದೆ ಎಂದು ಅಳೆಯುವುದು ನನ್ನ ಕೆಲಸ. ಹೆಚ್ಚಿದ್ದರೆ ಚಳಿಯಲ್ಲಿ ಉಕ್ಕು ಪಟ್ಟನೆ ಮುರಿಯುತ್ತದೆ. ಉಕ್ಕನ್ನು ಆಸಿಡ್‌ನಲ್ಲಿ ಕರಗಿಸಿದಾಗ ಒಂದಷ್ಟು ಫಾಸ್ಫರಸ್ ಫಾಸ್ಫೈಟ್ ಆಗಿ ಅಡಗಿ ಕೂರುತ್ತದೆ. ನೇರಳೆ ಬಣ್ಣದ ಪರ್ಮಾಂಗನೇಟ್ ಹಾಕಿ ಕುದಿಸಿ ಅದನ್ನು ಫಾಸ್ಫೇಟ್ ಮಾಡಿದರೆ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಇಲ್ಲದಿದ್ದರೆ ಕೆಟ್ಟ ಉಕ್ಕೂ ಪಾಸಾಗಿಬಿಡುತ್ತದೆ.

ಒಂದು ದಿನ ರಂಜಿನಿ ಮೊದಲ ಸಲ ಮಲ್ಲಿಗೆ ಮುಡಿದು ಬಂದಿದ್ದಳು. ಓರೆಗಣ್ಣಲ್ಲಿ ನೋಡಿ, "ಫ್ಲಾಸ್ಕ್ ಆ ಕಡೆ ಇದೆ, ರುದ್ರೇಶ್" ಎಂದಳು. ನಾನು ಬೆಪ್ಪನಂತೆ ನಕ್ಕೆ, ಅದೇ ಗುಂಗಿನಲ್ಲಿ ಟೆಸ್ಟ್ ಮುಗಿಸಿದೆ. ಅಳೆದಿಟ್ಟ ಪರ್ಮಾಂಗನೇಟ್ ಬೀಕರಿನಲ್ಲೇ ಉಳಿದದ್ದು ಸಂಜೆ ಕಂಡಿತು. ಉಕ್ಕು ಪಾಸು ಎಂಬ ರಿಪೋರ್ಟ್ ಆಗಲೇ ಹೋಗಿತ್ತು. ಬೈಸಿಕೊಳ್ಳುವ ಭಯಕ್ಕೆ ಬೀಕರನ್ನು ಹಾಗೇ ಬಿಟ್ಟು ಬಾಯಿ ಮುಚ್ಚಿಕೊಂಡೆ.

ಆ ಉಕ್ಕಿನಲ್ಲಿ ಕ್ರೇನಿನ ಕೊಕ್ಕೆ ಮಾಡಿದರು. ಡಿಸೆಂಬರಿನ ಒಂದು ಬೆಳಿಗ್ಗೆ ಅದು ಮುರಿದು, ಕೊಕ್ಕೆಗೆ ಭಾರ ಸಿಕ್ಕಿಸುವ ಕೆಲಸದ ಪುಟ್ಟಯ್ಯನ ಮೇಲೆ ಭಾರ ಬಿತ್ತು. ಅವನೇ ಮಿತಿಮೀರಿ ಭಾರ ಸಿಕ್ಕಿಸಿದ ಎಂದು ಮಾಲೀಕರು ಬರೆದು ಮುಗಿಸಿದರು. ನಾನು ಯಾರಿಗೂ ಹೇಳದೆ ಊರು ಬಿಟ್ಟೆ, ರಂಜಿನಿಗೂ.

ಈಗ ಎಲ್ಲವನ್ನೂ ಹೇಳಿದೆ. ಪುಟ್ಟಯ್ಯ ಬಂದು ನಿಲ್ಲುವುದನ್ನೂ ಹೇಳಿದೆ. ರಂಜಿನಿ ಎದ್ದು ಹೋಗುತ್ತಾಳೆ ಎಂದುಕೊಂಡೆ.

"ನಿಮ್ ಹತ್ರ ಮಾತ್ರ ಬರ್ತಾನೆ ಅನ್ಕೊಂಡ್ರಾ?" ಎಂದಳು. "ಟೆಸ್ಟ್ ಆದ ಮಾರನೇ ದಿನಾನೇ ಆ ಬೀಕರ್ ನೋಡ್ದೆ. ಯಾರಿಗೂ ಗೊತ್ತಾಗ್ಬಾರ್ದು ಅಂತ ಚೆಲ್ಲಿ ತೊಳೆದಿಟ್ಟೆ. ನೀವಂದ್ರೆ ಅಷ್ಟು ಇಷ್ಟ ಇತ್ತು. ಈಗ್ಲೂ ಇದೆ. ಆದ್ರೆ ಇದನ್ನ ಹಿಂಗೇ ಮುಚ್ಚಿಟ್ಕೊಂಡು ನಾವು ಸಂಸಾರ ಮಾಡಕ್ಕಾಗಲ್ಲ. ನಡೀರಿ, ಹುಲಿಗೆಮ್ಮನ ಹತ್ರ ಹೋಗೋಣ."

ಹುಲಿಗೆಮ್ಮ ಪುಟ್ಟಯ್ಯನ ಹೆಂಡತಿ.

"ಕೇಸಾಗುತ್ತೆ, ರಂಜಿನಿ."

"ಆಗ್ಲಿ."

ಭದ್ರಾವತಿಯ ಬಸ್ಸು ಹತ್ತಿದೆವು. ಹಳೇ ಊರಿನ ಪುಟ್ಟಯ್ಯನ ಮನೆಯಲ್ಲಿ ಹುಲಿಗೆಮ್ಮ ಅಕ್ಕಿ ಆರಿಸುತ್ತ ನಮ್ಮ ಮಾತನ್ನೆಲ್ಲ ಕೇಳಿದಳು. ಮೊರ ಕೆಳಗಿಟ್ಟಳು.

"ಹಂಗಾರೆ ನನ್ ಗಂಡಂದು ತಪ್ಪಿಲ್ವಾ?"

"ಇಲ್ಲಮ್ಮ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬಾಗಿಲಿಗೆ ಹೋಗಿ ಅಕ್ಕಪಕ್ಕದವರನ್ನೆಲ್ಲ ಹೆಸರು ಹಿಡಿದು ಕೂಗಿದಳು. "ಬರ್ರಿ ಎಲ್ಲಾ. ನನ್ ಗಂಡಂದೇ ತಪ್ಪು ಅಂತಿದ್ರಲ್ಲ, ಇವ್ರು ಹೇಳೋದು ಕೇಳಿಸ್ಕಳ್ರಿ."

ಜನ ಸೇರತೊಡಗಿದರು. ರಂಜಿನಿ ಮೊದಲ ಸಲ ನನ್ನ ಕೈ ಹಿಡಿದುಕೊಂಡಳು.

"ಪರ್ಮಾಂಗನೇಟ್ ವಿಷ್ಯ ನೀವು ಹೇಳಿ" ಎಂದಳು. "ಬೀಕರ್ ವಿಷ್ಯ ನಾನ್ ಹೇಳ್ತೀನಿ."