ಟೇಪ್ ಸುತ್ತಿದ ಸ್ವಿಚ್

"ನಾನಿಲ್ಲಿ ಕೂತ್ಕೊಳಲ್ಲ," ಎಂದು ದೀಪಶ್ರೀ ಬ್ಯಾಗ್ ಎತ್ತಿಕೊಂಡಳು.

"ಎಂತ ಆಯ್ತೇ?" ಎಂದಳು ಭವ್ಯ.

"ನಿಮ್ಮಮ್ಮನ್ನೇ ಕೇಳು. ಓನರ್ ಹತ್ರ ಚಾಡಿ ಹೇಳಿದಾರಂತೆ. ನಮ್ಮಮ್ಮನ್ನ ಕೆಲಸದಿಂದ ಬಿಡಿಸಿದ್ರು."

ಅವಳು ಹಿಂದಿನ ಬೆಂಚಿಗೆ ಹೋದಳು. ಒಂದನೇ ಕ್ಲಾಸಿನಿಂದಲೂ ಇಬ್ಬರದ್ದು ಒಂದೇ ಬೆಂಚು. ಆಮೇಲೆ ಟೀಚರ್ ಹೇಳಿದ್ದು ಯಾವುದೂ ಭವ್ಯಳ ತಲೆಗೆ ಹೋಗಲಿಲ್ಲ.

ಭವ್ಯಳ ಅಮ್ಮ ಮತ್ತು ದೀಪಶ್ರೀಯ ಅಮ್ಮ ಕಮಲಕ್ಕ, ಇಬ್ಬರೂ ಕೊಪ್ಪದ ಒಂದು ಬ್ಯಾಟರಿ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಸ್ಕೂಟರಿನ ಬ್ಯಾಟರಿಗೆ ಹಾಕುವ ಸೆಲ್‌ಗಳನ್ನು ಟೆಸ್ಟ್ ಮಾಡುವ ಕೆಲಸ.

ಸಂಜೆ ಅಮ್ಮ ಬಂದ ಕೂಡಲೇ ಭವ್ಯ ಕೇಳಿದಳು, "ಕಮಲಕ್ಕನ ಮೇಲೆ ಚಾಡಿ ಹೇಳಿದ್ಯಾ?"

ಅಮ್ಮ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕೂತಳು.

"ಸೆಲ್ಲಿನ ಹೊದಿಕೆ ಸರಿ ಇದೆಯಾ ಅಂತ ನೋಡೋಕೆ ಒಂದು ಮೆಷಿನ್ ಇದೆ ಪುಟ್ಟಿ. ಮನೆ ಕರೆಂಟಿಗಿಂತ ಎಷ್ಟೋ ಜೋರು ಕರೆಂಟ್ ಅದ್ರಲ್ಲಿ. ಮುಚ್ಚಳ ಹಾಕಿದ್ರೆ ಮಾತ್ರ ಬರ್ತದೆ, ತೆಗೆದ್ರೆ ನಿಲ್ತದೆ. ಅದಕ್ಕೊಂದು ಸ್ವಿಚ್. ಕಮಲ ಆ ಸ್ವಿಚ್ ಒತ್ತಿ ಹಿಡಿದು ಟೇಪ್ ಸುತ್ತಿಬಿಟ್ಟಿದ್ಲು, ಮುಚ್ಚಳ ತೆಗೆದ್ರೂ ಕರೆಂಟ್ ನಿಲ್ಲದ ಹಾಗೆ."

"ಎಂತಕ್ಕೆ?"

"ಪ್ರತಿ ಸಲ ಮುಚ್ಚಳ ಹಾಕಿ ತೆಗೆಯೋಕೆ ಹೊತ್ತಾಗ್ತದೆ. ನಿಧಾನ ಆದ್ರೆ ಓನರ್ ಸುಂದರೇಶಣ್ಣ ಬೈತಾರೆ."

"ಕಮಲಕ್ಕಂಗೇ ಹೇಳ್ಬಹುದಿತ್ತಲ್ಲ!"

"ಹೇಳಿದ್ದೆ ಮಾರಾಯ್ತಿ. ಟೇಪ್ ಬಿಚ್ಚಿಸಿಯೂ ಇದ್ದೆ. ನಿನ್ನೆ ಮತ್ತೆ ಸುತ್ತಿದ್ಲು. ಕರೆಂಟ್ ಇದೆ ಅಂತ ಕೆಂಪು ಲೈಟ್ ಉರೀತಾ ಇದೆ, ಇವಳು ಕೈ ಒಳಗೆ ಹಾಕ್ತಾ ಇದಾಳೆ..." ಅಮ್ಮ ತನ್ನ ಕೈಗಳನ್ನೇ ನೋಡಿಕೊಂಡಳು. "ಓಡಿ ಹೋಗಿ ಆಫ್ ಮಾಡ್ದೆ. ಮೆಷಿನ್ ಸರಿ ಮಾಡ್ಸಿ, ನಿಧಾನ ಆದ್ರೆ ಬೈಬೇಡಿ ಅಂತ ಸುಂದರೇಶಣ್ಣಂಗೆ ಹೇಳ್ದೆ. ಕಮಲನ್ನ ಬಿಡ್ಸಿ ಅಂತ ಹೇಳ್ಲಿಲ್ಲ."

"ಏನೂ ಆಗಿರ್ಲಿಲ್ವಲ್ಲ! ಸುಮ್ನೆ ಇರ್ಬೇಕಿತ್ತು!" ಎಂದು ಕಿರುಚಿ ಭವ್ಯ ಒಳಗೆ ಹೋದಳು. ಆ ರಾತ್ರಿ ಅಮ್ಮ ಊಟ ಮಾಡಲಿಲ್ಲ. ಭವ್ಯ ಕರೆಯಲೂ ಇಲ್ಲ. ವಾರವಿಡೀ ಅಮ್ಮನ ಜೊತೆ ಮಾತು ಬಿಟ್ಟಳು.

ಭಾನುವಾರ ಅಮ್ಮನ ಜೊತೆ ಪೇಟೆಗೆ ಹೋದಾಗ ಕಮಲಕ್ಕ ಬಸ್‌ಸ್ಟ್ಯಾಂಡಿನಲ್ಲಿ ಕಂಡಳು. ಎನ್.ಆರ್.ಪುರದ ಬಸ್ಸಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ದೀಪಶ್ರೀ.

"ಕಮಲಾ..." ಅಮ್ಮ ಹತ್ತಿರ ಹೋದಳು. "ಎಲ್ಲಿಗೆ ಹೊರಟೆ?"

"ಕೆಲಸ ಹುಡ್ಕೋಕೆ," ಎಂದು ಕಮಲಕ್ಕ ಮುಖ ತಿರುಗಿಸಿದಳು. ಮಗಳನ್ನು ಎದುರಿಗೆ ಎಳೆದುಕೊಂಡು ಬಿಚ್ಚಿಹೋಗಿದ್ದ ಜಡೆ ಹೆಣೆಯತೊಡಗಿದಳು.

ಭವ್ಯ ನೋಡುತ್ತಾ ನಿಂತಳು. ಕಮಲಕ್ಕನ ಬೆರಳುಗಳು ಸರಸರನೆ ಓಡಾಡುತ್ತಿದ್ದವು. ಕೂದಲನ್ನು ಮೂರು ಪಾಲು ಮಾಡಿ, ಒಂದರ ಮೇಲೊಂದು ಹಾಕಿ, ರಿಬ್ಬನ್ ಸುತ್ತಿ, ಗಂಟು ಬಿಗಿದವು. ಎರಡೂ ಕೈಗಳು. ಹತ್ತೂ ಬೆರಳುಗಳು.

ಬಸ್ ಬಂತು. ದೀಪಶ್ರೀಯಾಗಲಿ ಕಮಲಕ್ಕನಾಗಲಿ ತಿರುಗಿ ನೋಡಲಿಲ್ಲ. ಬಸ್ ಹೋದ ಮೇಲೂ ಅಮ್ಮ ಅಲ್ಲೇ ನಿಂತಿದ್ದಳು.

"ಹೋಗಣ ಅಮ್ಮ," ಎಂದಳು ಭವ್ಯ. ತರಕಾರಿ ಚೀಲದ ಒಂದು ಹಿಡಿಕೆಯನ್ನು ತಾನು ಹಿಡಿದುಕೊಂಡಳು.